ಗೆಳೆಯ ಒಯ್ದ ಬೈಕು: ಗ್ಯಾರೇಜಿನಲ್ಲಿ ಕಂಡುಕೊಂಡ ಪಾಠಗಳು

ಶಿವಮೊಗ್ಗದಲ್ಲಿ ನನ್ನದೊಂದು ಬೈಕ್ ರಿಪೇರಿ ಗ್ಯಾರೇಜು. ಸೋಮವಾರ ಬೆಳಿಗ್ಗೆ ಬರುವ ಗಾಡಿಗಳಲ್ಲಿ ಒಂದೆರಡಾದರೂ ಭಾನುವಾರ ಗೆಳೆಯರ ಕೈಗೆ ಹೋಗಿ ಬಂದವಾಗಿರುತ್ತವೆ. ಸುತ್ತ ಜೋಗ, ಆಗುಂಬೆ, ಕೊಡಚಾದ್ರಿ, ಸಿಗಂದೂರು ಇರುವ ಊರಿನಲ್ಲಿ ಬೈಕಿಲ್ಲದವರು ಇದ್ದವರನ್ನು ಕೇಳುವುದು ಸಹಜ. ಕೇಳಿದಾಗ ಕೊಡುವುದು ಒಳ್ಳೆಯ ರೂಢಿ, ಅದು ನಿಲ್ಲಬಾರದು ಎಂಬುದೇ ನನ್ನ ಆಸೆ. ಆದರೆ ಒಯ್ದವರು ಬೀಳಿಸಿಕೊಂಡು ತಂದಾಗ, ಕ್ಲಚ್ ಸುಟ್ಟುಕೊಂಡು ತಂದಾಗ ಇಬ್ಬರೂ ನನ್ನ ಮುಂದೆ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ‘ಎಷ್ಟಾಗುತ್ತೆ ಅಣ್ಣ?’ ಎಂದು ಕೇಳುವುದನ್ನು ಬಹಳ ಸಲ ನೋಡಿದ್ದೇನೆ. ಒಂದು ಇಂಡಿಕೇಟರಿಗಾಗಿ ಶಾಲೆಯ ದಿನಗಳ ಸ್ನೇಹ ಹಾಳಾದದ್ದುಂಟು. ಇಂಜಿನ್ನೇ ಬಿಚ್ಚಬೇಕಾಗಿ ಬಂದರೂ ಇಬ್ಬರೂ ಒಟ್ಟಿಗೆ ಚಹಾ ಕುಡಿದು ಹೋದದ್ದೂ ಉಂಟು. ಬಿಲ್ಲಿನ ಮೊತ್ತ ಇದನ್ನು ನಿರ್ಧರಿಸಿದ್ದನ್ನು ನಾನು ಕಂಡಿಲ್ಲ. ಆದದ್ದನ್ನು ಒಯ್ದವನು ಬಾಯಿಬಿಟ್ಟು ಹೇಳಿದನೋ ಮುಚ್ಚಿಟ್ಟನೋ, ಕೊಟ್ಟವನು ಕೊಡುವ ಮೊದಲು ತನಗೆ ಗೊತ್ತಿದ್ದದ್ದನ್ನು ಹೇಳಿದ್ದನೋ ಇಲ್ಲವೋ, ಎಲ್ಲವೂ ಇವೆರಡರ ಮೇಲೆ ನಿಂತಿರುತ್ತದೆ.

ಮುಂದೆ ಬರೆದಿರುವುದೆಲ್ಲ ಬೈಕಿನ ವಿಷಯ. ನನಗೆ ಗೊತ್ತಿರುವುದು ಅದೇ.

1. ಬಿದ್ದಿದ್ದರೆ, ಕೀ ಕೊಡುವ ಮೊದಲು ಹೇಳಿ

‘ಬಿದ್ದಿಲ್ಲ ಅಣ್ಣ, ಸ್ಟ್ಯಾಂಡ್ ಹಾಕಿದ್ದಾಗ ವಾಲಿಕೊಳ್ತು ಅಷ್ಟೇ.’ ಈ ಮಾತು ನನಗೆ ಬಾಯಿಪಾಠ. ಗಾಡಿ ಮಾತ್ರ ಬೇರೆಯದನ್ನೇ ಹೇಳುತ್ತಿರುತ್ತದೆ. ನಿಂತಲ್ಲಿಂದ ವಾಲಿದ ಬೈಕಿಗೆ ಒಂದೆರಡು ಕಡೆ ಕುಟ್ಟಿದ ಗುರುತು ಇರುತ್ತದೆ: ಬ್ರೇಕ್ ಲಿವರಿನ ತುದಿ, ಹ್ಯಾಂಡಲಿನ ಕೊನೆ, ಫುಟ್‌ರೆಸ್ಟಿನ ಮೂಲೆ. ಓಡುತ್ತಾ ಬಿದ್ದ ಬೈಕಿನ ಮೇಲೆ ಉದ್ದುದ್ದ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ಸೈಲೆನ್ಸರಿನ ಹೊಟ್ಟೆ ಉಜ್ಜಿಹೋಗಿರುತ್ತದೆ, ಫುಟ್‌ರೆಸ್ಟಿನ ರಬ್ಬರಿನಲ್ಲಿ ಜಲ್ಲಿಪುಡಿ ಕೂತಿರುತ್ತದೆ. ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ನೋಡಿದರೆ ಚಕ್ರ ಒಂದು ಕಡೆ, ಹ್ಯಾಂಡಲ್ ಇನ್ನೊಂದು ಕಡೆ. ಎಷ್ಟು ಜೋರಾಗಿ ಬಿದ್ದದ್ದು ಎಂದು ಹೇಳಲು ಮೆಕ್ಯಾನಿಕ್‌ಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಗೀರು ಬಿದ್ದಿದ್ದರೆ ಹೋಗಲಿ, ಅದರಿಂದ ಯಾರಿಗೂ ಅಪಾಯವಿಲ್ಲ. ಅಪಾಯವಿರುವುದು ಕಾಣದ ಕಡೆ. ಮುಂದಿನ ಫೋರ್ಕಿನ ಕೊಳವೆ ಸ್ವಲ್ಪ ಬಾಗಿದ್ದರೂ ಸಾಕು, ಗಾಡಿ ಒಂದು ಕಡೆಗೆ ಎಳೆಯುತ್ತದೆ, ಗುಂಡಿಗೆ ಇಳಿದಾಗ ಫೋರ್ಕು ಸಲೀಸಾಗಿ ಕೆಳಗಿಳಿಯದೆ ಹಿಡಿದುಕೊಳ್ಳುತ್ತದೆ. ಬಾಗಿದ ಕೊಳವೆ ಆಯಿಲ್ ಸೀಲನ್ನು ಬೇಗ ತಿನ್ನುತ್ತದೆ. ಸೀಲ್ ಹೋದರೆ ಫೋರ್ಕಿನ ಎಣ್ಣೆ ಕೆಳಗೆ ಇಳಿಯುತ್ತದೆ, ಇಳಿದು ಡಿಸ್ಕ್ ಮೇಲೋ ಬ್ರೇಕ್ ಪ್ಯಾಡಿನ ಮೇಲೋ ಕೂತರೆ ಮುಂದಿನ ಬ್ರೇಕು ಹಿಡಿಯುವುದಿಲ್ಲ. ಇದೆಲ್ಲ ಹಸ್ತಾಂತರವಾದ ಗಳಿಗೆಯಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮರುದಿನ, ಬೇರೆ ಯಾರೋ ಓಡಿಸುವಾಗ.

ಒಬ್ಬ ಹುಡುಗ ತೀರ್ಥಹಳ್ಳಿ ರಸ್ತೆಯಲ್ಲಿ ಬಿದ್ದು, ಮಣ್ಣು ತೊಳೆದು, ರಾತ್ರಿ ಗಾಡಿಯನ್ನು ಗೆಳೆಯನ ಮನೆಯ ಮುಂದೆ ನಿಲ್ಲಿಸಿ, ಕೀಯನ್ನು ಕಿಟಕಿಯಲ್ಲಿ ಇಟ್ಟು ಹೋಗಿದ್ದ. ಬೆಳಿಗ್ಗೆ ಆ ಗೆಳೆಯನ ತಂಗಿ ಅದೇ ಗಾಡಿಯಲ್ಲಿ ಕಾಲೇಜಿಗೆ ಹೊರಟಳು. ಗಾಡಿ ಎಡಕ್ಕೆ ಎಳೀತಿದೆ ಎಂದು ಅರ್ಧ ದಾರಿಯಲ್ಲೇ ನಿಲ್ಲಿಸಿ ಅಣ್ಣನಿಗೆ ಫೋನ್ ಮಾಡಿದ್ದರಿಂದ ಏನೂ ಆಗಲಿಲ್ಲ. ಆಮೇಲೆ ನನ್ನಲ್ಲಿ ಫೋರ್ಕ್ ಬಿಚ್ಚಿದಾಗ ಕೊಳವೆ ಬಾಗಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಅಣ್ಣ ದುಡ್ಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ನನ್ನ ತಂಗಿ ಓಡಿಸ್ತಾಳೆ ಅಂತ ಅವನಿಗೆ ಗೊತ್ತಿತ್ತು’ ಎಂದಷ್ಟೇ ಹೇಳಿದ. ಆ ಇಬ್ಬರು ಮತ್ತೆ ಒಟ್ಟಿಗೆ ನನ್ನ ಗ್ಯಾರೇಜಿಗೆ ಬರಲಿಲ್ಲ.

ಆ ಹುಡುಗ ಕೆಟ್ಟವನಲ್ಲ ಎಂದು ನನಗೆ ಗೊತ್ತು. ಹೆದರಿದ್ದ. ಹೆದರಿಕೆಗೆ ಒಂದೇ ಒಂದು ಫೋನ್ ಸಾಕಿತ್ತು: ‘ಬಿದ್ದಿದೀನಿ ಕಣೋ, ನೋಡದೆ ಯಾರೂ ಓಡಿಸಬೇಡಿ.’

2. ಗಾಡಿಯ ಕಾಯಿಲೆಯನ್ನು ಕೊಟ್ಟವನೂ ಮುಚ್ಚಿಡಬಾರದು

ಹಳೆಯ ಇಂಜಿನ್ನುಗಳು ಎಣ್ಣೆ ಕುಡಿಯುತ್ತವೆ. ಪಿಸ್ಟನ್ ರಿಂಗ್ ಸವೆದ ನೂರು ಸಿಸಿಯ ಗಾಡಿಗೆ ಇರುವುದೇ ಸುಮಾರು ಒಂದು ಲೀಟರ್ ಎಣ್ಣೆ, ಅದರಲ್ಲಿ ಅರ್ಧ ಸದ್ದಿಲ್ಲದೆ ಹೊಗೆಯಾಗಿ ಹೋಗುತ್ತದೆ. ಮಾಲೀಕನಿಗೆ ಅದು ಗೊತ್ತು. ಅವನು ಆಗಾಗ ಡಿಪ್‌ಸ್ಟಿಕ್ ಎತ್ತಿ ನೋಡಿ ಎಣ್ಣೆ ಹಾಕುತ್ತಿರುತ್ತಾನೆ, ಹೆದ್ದಾರಿಯಲ್ಲಿ ಎಳೆಯುವುದಿಲ್ಲ. ಗೆಳೆಯನಿಗೆ ಗೊತ್ತಿಲ್ಲ. ಅವನು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಸಾಗರದ ರಸ್ತೆಯಲ್ಲಿ ಬಿಸಿಲಿನಲ್ಲಿ ಎಳೆದಾಗ ಇಂಜಿನ್ ಸೀಜ್ ಆಗುತ್ತದೆ. ಬ್ಲಾಕು, ಪಿಸ್ಟನ್, ಕೆಲವೊಮ್ಮೆ ಹೆಡ್ಡು ಕೂಡ. ಮಾಲೀಕ ಬಂದು, ‘ಕೊಟ್ಟಾಗ ಚೆನ್ನಾಗೇ ಇತ್ತು’ ಎನ್ನುತ್ತಾನೆ.

ಇಂಥ ಜಗಳ ಬಿಡಿಸಲು ನನಗೆ ನೆರವಾದದ್ದು ನಮ್ಮ ಗ್ಯಾರೇಜಿಗೆ ಬರುವ ಒಬ್ಬ ವಕೀಲರು. ದುಡ್ಡಿಗಾಗಲಿ ಪುಕ್ಕಟೆಯಾಗಲಿ, ವಸ್ತುವನ್ನು ವಾಪಸ್ ಪಡೆಯುವ ಷರತ್ತಿನ ಮೇಲೆ ಇನ್ನೊಬ್ಬರಿಗೆ ಕೊಡುವುದಕ್ಕೆ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ ಎಂದು ಅವರು ಹೇಳಿದರು. 150ನೇ ಕಲಮಿನ ಪ್ರಕಾರ, ಕೊಡುವವನು ತನಗೆ ಗೊತ್ತಿರುವ ದೋಷವನ್ನು ಹೇಳಲೇಬೇಕು. ಕಾಯ್ದೆ ಬರೆದವರ ಕಾಲದಲ್ಲಿ ಬೈಕುಗಳಿರಲಿಲ್ಲ, ಅವರು ಕೊಟ್ಟ ಉದಾಹರಣೆ ಕುದುರೆಯದು. ಕುದುರೆ ಪುಂಡು ಎಂದು ಗೊತ್ತಿದ್ದೂ ಹೇಳದೆ ಗೆಳೆಯನಿಗೆ ಕೊಟ್ಟರೆ, ಅದು ಓಡಿ ಅವನನ್ನು ಬೀಳಿಸಿದರೆ, ಅವನ ನಷ್ಟಕ್ಕೆ ಕೊಟ್ಟವನೇ ಹೊಣೆ. ನೂರೈವತ್ತು ವರ್ಷ ಹಳೆಯ ಈ ಮಾತು ಹಿಂದಿನ ಬ್ರೇಕ್ ಹಿಡಿಯದ ಇವತ್ತಿನ ಸ್ಪ್ಲೆಂಡರಿಗೂ ಹೊಂದುತ್ತದೆ.

ಆದ್ದರಿಂದ ಕೀ ಕೊಡುವಾಗ ನಾಲ್ಕು ಮಾತು ಹೇಳಿ. ಎಣ್ಣೆ ಎಷ್ಟಿದೆ, ಬ್ರೇಕು ಹೇಗಿದೆ, ಟಯರ್ ಸವೆದಿದೆಯೇ, ಎಷ್ಟರ ಮೇಲೆ ಓಡಿಸಬಾರದು. ‘ಇಷ್ಟೆಲ್ಲ ಹೇಳಿದರೆ ಕೊಡೋಕೆ ಮನಸ್ಸಿಲ್ಲ ಅಂದ್ಕೋತಾನೆ’ ಎಂಬ ಸಂಕೋಚ ಬೇಡ. ಹೇಳದೆ ಇದ್ದಾಗ ಆಗುವ ಬೇಸರ ಅದಕ್ಕಿಂತ ಬಹಳ ದೊಡ್ಡದು.

3. ಸುಟ್ಟದ್ದು ಬೇರೆ, ಸವೆದದ್ದು ಬೇರೆ

ಗೆಳೆಯನ ಕೈಯಲ್ಲಿದ್ದಾಗ ಕೆಟ್ಟಿತು ಎಂದ ಮಾತ್ರಕ್ಕೆ ಗೆಳೆಯ ಕೆಡಿಸಿದ ಎಂದಲ್ಲ. ಗ್ಯಾರೇಜಿನಲ್ಲಿ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು ಇದೇ.

ಚೈನ್ ಸ್ಪ್ರಾಕೆಟ್, ಬ್ರೇಕ್ ಶೂ, ಕ್ಲಚ್ ಪ್ಲೇಟು, ಆಕ್ಸಿಲರೇಟರ್ ಕೇಬಲ್, ಬ್ಯಾಟರಿ, ಟಯರ್, ಇವಕ್ಕೆಲ್ಲ ಆಯಸ್ಸಿದೆ. ಆಯಸ್ಸು ಮುಗಿಯುವ ದಿನ ಗಾಡಿ ಯಾರ ಕೈಯಲ್ಲಿದೆ ಎಂಬುದು ಬರೀ ಗಾಚಾರ. ಹಲ್ಲು ಚೂಪಾಗಿ ಒಂದೇ ಕಡೆ ಬಾಗಿದ ಸ್ಪ್ರಾಕೆಟ್ಟನ್ನು ಒಂದು ಭಾನುವಾರದಲ್ಲಿ ಯಾರೂ ಹಾಗೆ ಮಾಡಲಾರರು. ಅದು ಮಾಲೀಕ ಸಾವಿರಾರು ಕಿಲೋಮೀಟರು ಎಣ್ಣೆ ಬಿಡದೆ ಓಡಿಸಿದ ಫಲ. ಅಂಥ ಚೈನು ಗೆಳೆಯನ ಕೈಯಲ್ಲಿ ತುಂಡಾದರೆ, ಅವನು ಗಾಡಿ ತಳ್ಳಿಕೊಂಡು ಬಂದದ್ದಕ್ಕೆ ಮಾಲೀಕನೇ ಬೇಸರಪಡಬೇಕು.

ಕ್ಲಚ್ಚಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ತಕರಾರು ಅದರದ್ದೇ. ಕ್ಲಚ್ಚಿನೊಳಗೆ ಎರಡು ಬಗೆಯ ಪ್ಲೇಟುಗಳು ಒಂದರ ಪಕ್ಕ ಒಂದು ಕೂತಿರುತ್ತವೆ: ಕಾರ್ಕಿನಂಥ ಹಿಡಿತ ಇರುವವು, ಮತ್ತು ಬರೀ ಉಕ್ಕಿನವು. ವರ್ಷಾನುಗಟ್ಟಲೆ ಓಡಿ ಸವೆದ ಕ್ಲಚ್ಚಿನಲ್ಲಿ ಹಿಡಿತದ ಪದರ ಎಲ್ಲ ಕಡೆ ಒಂದೇ ಸಮನಾಗಿ ತೆಳುವಾಗಿರುತ್ತದೆ, ಉಕ್ಕು ತನ್ನ ಬಣ್ಣದಲ್ಲೇ ಇರುತ್ತದೆ. ಅರ್ಧ ಕ್ಲಚ್ ಹಿಡಿದು ಘಟ್ಟ ಹತ್ತಿಸಿದ ಗಾಡಿಯಲ್ಲಿ ಹಾಗಲ್ಲ. ಉಕ್ಕಿನ ಪ್ಲೇಟುಗಳು ಕಾದು ನೀಲಿಯಾಗಿರುತ್ತವೆ, ಹಿಡಿತದ ಪದರ ಗಾಜಿನ ಹಾಗೆ ಹೊಳೆಯುತ್ತದೆ, ಇಂಜಿನ್ ಎಣ್ಣೆಗೆ ಸುಟ್ಟ ವಾಸನೆ. ಆ ನೀಲಿ ಬಣ್ಣ ಸುಳ್ಳು ಹೇಳುವುದಿಲ್ಲ. ನಾನು ಎರಡೂ ಬಗೆಯ ಹಳೆಯ ಪ್ಲೇಟುಗಳನ್ನು ಗೋಡೆಗೆ ನೇತುಹಾಕಿದ್ದೇನೆ. ಇಬ್ಬರು ಗೆಳೆಯರು ವಾದಕ್ಕೆ ನಿಂತರೆ ಅವರ ಗಾಡಿಯ ಪ್ಲೇಟನ್ನು ಪಕ್ಕದಲ್ಲಿಟ್ಟು ತೋರಿಸುತ್ತೇನೆ. ಕಣ್ಣಿಗೆ ಕಂಡ ಮೇಲೆ ಮಾತು ತಾನಾಗಿ ತಗ್ಗುತ್ತದೆ.

ಬ್ರೇಕಿನದೂ ಹೀಗೆಯೇ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಪೆಟ್ರೋಲ್ ಉಳಿಸುತ್ತೇವೆಂದು ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರು ಇನ್ನೂ ಇದ್ದಾರೆ. ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಡ್ರಮ್ಮು ಕಾದು, ಅರ್ಧ ಘಾಟಿಯಲ್ಲಿ ಪೆಡಲ್ ತುಳಿದರೂ ಹಿಡಿಯದಂತಾಗುತ್ತದೆ. ಹಾಗೆ ಕಾದ ಶೂ ಕರಕಲಾಗಿ ಹೊಳೆಯುತ್ತದೆ. ಅದು ಸವೆತವಲ್ಲ, ಹಾನಿ. ಎರಡನೆಯ ಗೇರಿನಲ್ಲಿ ಇಳಿಯಿರಿ, ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಎರವಲು ಗಾಡಿ ಎಂದಲ್ಲ, ನಿಮ್ಮ ಜೀವಕ್ಕಾಗಿ.

4. ಕೊಟ್ಟದ್ದು ಯಾರಿಗೆ, ಎಲ್ಲಿಗೆ

ಹೊಸನಗರದಲ್ಲಿ ಮದುವೆ ಎಂದು ಒಯ್ದ ಬೈಕು ಕೊಡಚಾದ್ರಿಯ ಜೀಪ್ ದಾರಿಗೆ ಹೋಗಿ, ಕೆಸರಿನಲ್ಲಿ ಹೂತು, ಕ್ಲಚ್ ಸುಟ್ಟು, ಪಿಕಪ್ಪಿನ ಮೇಲೆ ಬಂದಿತ್ತು. ಒಯ್ದವನ ವಾದ ಇದು: ‘ನಾನು ನಿಧಾನಕ್ಕೇ ಓಡಿಸಿದ್ದು, ನನ್ನ ತಪ್ಪೇನಿಲ್ಲ.’ ನಿಧಾನಕ್ಕೆ ಓಡಿಸಿದ್ದು ನಿಜವೇ ಇರಬಹುದು. ಆದರೆ ಕೊಟ್ಟದ್ದು ಡಾಂಬರು ರಸ್ತೆಗೆ.

ಕರಾರು ಕಾಯ್ದೆಯ 154ನೇ ಕಲಮು ಈ ವಿಷಯದಲ್ಲಿ ಗಟ್ಟಿಯಾಗಿದೆ. ಅಲ್ಲಿಯೂ ಕುದುರೆಯೇ. ಕಲ್ಕತ್ತೆಯಲ್ಲಿ ಬಾಡಿಗೆಗೆ ತೆಗೆದುಕೊಂಡವನು ಕಾಶಿಗೆಂದು ಹೇಳಿ ಕಟಕ್‌ಗೆ ಹೋದ. ಎಚ್ಚರದಿಂದಲೇ ಹೋದ, ಆದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯವಾಯಿತು. ನಷ್ಟ ಅವನೇ ತುಂಬಬೇಕು. ಇನ್ನೊಂದು ಉದಾಹರಣೆಯಲ್ಲಿ, ತಾನೇ ಸವಾರಿ ಮಾಡಲೆಂದು ಕುದುರೆ ಪಡೆದವನು ಅದನ್ನು ಮನೆಯವನೊಬ್ಬನಿಗೆ ಕೊಟ್ಟ. ಅವನೂ ಎಚ್ಚರದಿಂದಲೇ ಓಡಿಸಿದ, ಕುದುರೆ ಬಿತ್ತು. ಹೊಣೆ ಪಡೆದವನದೇ. ಹೇಳಿದ ಕೆಲಸಕ್ಕೆ, ಹೇಳಿದವನೇ ಬಳಸಿ, ತನ್ನ ಸ್ವಂತದ್ದನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಂಡಿದ್ದರೆ, ಆಗ ಮಾತ್ರ ಆಕಸ್ಮಿಕಕ್ಕೆ ಕಾಯ್ದೆ ಅವನನ್ನು ಹೊಣೆ ಮಾಡುವುದಿಲ್ಲ.

ಗೆಳೆಯರ ನಡುವಿನ ಬೈಕಿಗಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಹೋಗಲೂ ಬಾರದು. ಆದರೂ ಈ ಲೆಕ್ಕ ನ್ಯಾಯವಾದದ್ದು, ನನ್ನ ಮುಂದೆ ಬರುವ ಜಗಳಗಳಿಗೆ ನಾನು ಇದನ್ನೇ ಅನ್ವಯಿಸುತ್ತೇನೆ. ದಾರಿ ಬದಲಾಯಿತೇ? ಒಂದು ಫೋನ್ ಮಾಡಿ. ‘ಇಲ್ಲಿಂದ ಕೊಡಚಾದ್ರಿಗೆ ಹೋಗ್ಲಾ?’ ಎಂದು ಕೇಳಿದ್ದರೆ ಆ ಮಾಲೀಕ ಬೇಡ ಎನ್ನುತ್ತಿದ್ದ, ಅಷ್ಟೇ.

5. ನೀರು ಹೊಕ್ಕರೆ ಕಿಕ್ ಹೊಡೆಯಬೇಡಿ

ಜುಲೈ ತಿಂಗಳಲ್ಲಿ ನಮ್ಮ ಕಡೆ ರಸ್ತೆ ಎಲ್ಲಿ, ಹಳ್ಳ ಎಲ್ಲಿ ಎಂದು ಗೊತ್ತಾಗದ ದಿನಗಳು ಬರುತ್ತವೆ. ನೀರಿನಲ್ಲಿ ಬೈಕು ಆಫ್ ಆಯಿತೆಂದರೆ ಒಯ್ದವನಿಗೆ ಗಾಬರಿ. ಹೇಗಾದರೂ ಸ್ಟಾರ್ಟ್ ಮಾಡಿ ಮುಟ್ಟಿಸಿಬಿಡಬೇಕು ಎಂದು ಸೆಲ್ಫ್ ಒತ್ತುತ್ತಾನೆ, ಕಿಕ್ ಹೊಡೆಯುತ್ತಾನೆ. ಏರ್ ಫಿಲ್ಟರಿನ ಮೂಲಕ ಸಿಲಿಂಡರಿನೊಳಗೆ ಹೋದ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಅದನ್ನು ಒತ್ತಲು ಹೋಗಿ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಆಮೇಲೆ ಇಂಜಿನ್ ಪೂರ್ತಿ ಬಿಚ್ಚಬೇಕು.

ಅದೇ ಗಾಡಿಯನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಬಂದರೆ ಪ್ಲಗ್ ಬಿಚ್ಚಿ, ನೀರು ಹೊರಹಾಕಿ, ಫಿಲ್ಟರ್ ಒಣಗಿಸಿ, ಎಣ್ಣೆ ಬದಲಿಸಿದರೆ ಬಹಳ ಸಲ ಅಷ್ಟರಲ್ಲೇ ಮುಗಿಯುತ್ತದೆ. ಹೇಗೋ ಓಡುತ್ತಿದೆ ಎಂದು ಹಾಗೆಯೇ ವಾಪಸ್ ಕೊಟ್ಟರೂ ಮುಚ್ಚಿಡಲಾಗದು. ಒಳಗೆ ನೀರು ಸೇರಿದ ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗುತ್ತದೆ, ಡಿಪ್‌ಸ್ಟಿಕ್ ಎತ್ತಿದರೆ ಕಾಣುತ್ತದೆ. ಅಷ್ಟರೊಳಗೆ ಮಾಲೀಕ ಆ ಎಣ್ಣೆಯಲ್ಲೇ ವಾರಗಟ್ಟಲೆ ಓಡಿಸಿ ಬೇರಿಂಗುಗಳನ್ನು ಕಳೆದುಕೊಂಡಿರುತ್ತಾನೆ. ಕೆಲವು ನೂರು ರೂಪಾಯಿಯ ಕೆಲಸ ಸಾವಿರಗಟ್ಟಲೆ ಆಗುವುದು ಮೌನದಿಂದಲೇ.

6. ಗುಟ್ಟಾಗಿ ರಿಪೇರಿ ಮಾಡಿಸಬೇಡಿ

ಇದು ಒಳ್ಳೆಯ ಮನಸ್ಸಿನವರು ಮಾಡುವ ಕೆಲಸ. ಗೆಳೆಯನಿಗೆ ಗೊತ್ತಾಗುವ ಮೊದಲೇ ಸರಿಮಾಡಿಸಿ ಕೊಟ್ಟುಬಿಡೋಣ ಎನ್ನುತ್ತಾರೆ. ಬಂದು ನನ್ನ ಕೈ ಹಿಡಿದು, ‘ಅಣ್ಣ, ಸಂಜೆಯೊಳಗೆ ಮಾಡಿಕೊಡಿ, ಅವನಿಗೆ ಹೇಳಬೇಡಿ’ ಎನ್ನುತ್ತಾರೆ. ನಾನು ಮಾಡಿಕೊಡುತ್ತೇನೆ, ಆದರೆ ಮಾಲೀಕನಿಗೆ ಅವರೇ ಫೋನ್ ಮಾಡಿದ ಮೇಲೆ.

ಕಾರಣ ಹಟವಲ್ಲ. ಬಾಗಿದ ಬ್ರೇಕ್ ಲಿವರನ್ನೇ ತೆಗೆದುಕೊಳ್ಳಿ. ಅದು ಅಲ್ಯೂಮಿನಿಯಮ್ಮಿನ ಎರಕ. ಪೈಪ್ ಸಿಕ್ಕಿಸಿ ಹಿಂದಕ್ಕೆ ಬಗ್ಗಿಸಿದರೆ ನೇರವಾದಂತೆ ಕಾಣುತ್ತದೆ, ಒಳಗೆ ಬಿರುಕು ಬಿಟ್ಟಿರುತ್ತದೆ. ದಿನವೂ ಮೆಲ್ಲಗೆ ಹಿಡಿಯುವಾಗ ಏನೂ ಆಗುವುದಿಲ್ಲ. ಎದುರಿಗೆ ದನ ಅಡ್ಡ ಬಂದಾಗ, ಇರುವ ಬಲವನ್ನೆಲ್ಲ ಹಾಕಿ ಹಿಡಿದಾಗ ಅದು ಮುರಿಯುತ್ತದೆ. ಹೊಸ ಲಿವರಿನ ಬೆಲೆ ಒಂದು ಹೊತ್ತಿನ ಊಟದ ಖರ್ಚು. ಅವಸರದಲ್ಲಿ, ಗುಟ್ಟಿನಲ್ಲಿ ಮಾಡಿಸುವ ಕೆಲಸವೆಲ್ಲ ಹೀಗೆ ಕಣ್ಣಿಗೆ ಸರಿಕಾಣುವಷ್ಟರಲ್ಲೇ ನಿಲ್ಲುತ್ತದೆ. ಮೇಲಾಗಿ, ಹೊಸದಾಗಿ ಕೊಂಡ ಗಾಡಿಯಾದರೆ ಕಂಪನಿಯ ವಾರಂಟಿ ಇರುತ್ತದೆ, ಹೊರಗೆ ಇಂಜಿನ್ ಬಿಚ್ಚಿಸಿದರೆ ಅದಕ್ಕೆ ತೊಂದರೆ. ಎಲ್ಲಿ, ಯಾರಿಂದ ಮಾಡಿಸಬೇಕು ಎಂದು ಹೇಳುವ ಹಕ್ಕು ಗಾಡಿಯವನದು.

7. ಬಿಲ್ಲು ಯಾರದು, ಎಷ್ಟು

ಮೊದಲು ಇಬ್ಬರೂ ಒಟ್ಟಿಗೆ ಗ್ಯಾರೇಜಿಗೆ ಬನ್ನಿ. ಒಬ್ಬನೇ ಬಂದು ಬಿಲ್ ಮಾಡಿಸಿ ಇನ್ನೊಬ್ಬನಿಗೆ ಫೋಟೊ ಕಳಿಸಿದಲ್ಲಿ ಅನುಮಾನ ಹುಟ್ಟದೆ ಇರುವುದು ಕಡಿಮೆ. ಬಿಚ್ಚುವಾಗ ಇಬ್ಬರೂ ನಿಂತು ನೋಡಿದರೆ ಪ್ರತಿ ಪಾರ್ಟಿನ ಬಗ್ಗೆ ಅಲ್ಲೇ ತೀರ್ಮಾನ ಆಗುತ್ತದೆ.

ಪೆಟ್ಟಿನಿಂದ ಹೋದದ್ದು ಒಯ್ದವನ ಲೆಕ್ಕ: ಇಂಡಿಕೇಟರ್, ಲಿವರ್, ಬಾಗಿದ ಫೋರ್ಕು, ಒಡೆದ ಹೆಡ್‌ಲೈಟ್ ಡೂಮು, ಅದರ ಕೂಲಿ. ಇದರಲ್ಲಿ ಯಾರಿಗೂ ಗೊಂದಲವಿಲ್ಲ. ಗೊಂದಲ ಬರುವುದು ಹಳೆಯ ಪಾರ್ಟಿನ ಜಾಗಕ್ಕೆ ಹೊಸದು ಕೂರಿಸುವಾಗ. ಮುಕ್ಕಾಲು ಪಾಲು ಸವೆದಿದ್ದ ಕ್ಲಚ್ಚನ್ನು ಗೆಳೆಯ ಸುಟ್ಟ. ಹೊಸ ಕ್ಲಚ್ಚಿನ ಪೂರ್ತಿ ದುಡ್ಡು ಅವನೇ ಕೊಟ್ಟರೆ ಮಾಲೀಕನಿಗೆ ಮುಕ್ಕಾಲು ಕ್ಲಚ್ ಪುಕ್ಕಟೆ ಸಿಕ್ಕಿತು. ಅದು ನ್ಯಾಯವಲ್ಲ. ವಿಮಾ ಕಂಪನಿಗಳು ಕೂಡ ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್, ಟಯರ್, ಬ್ಯಾಟರಿಗೆ ಸವೆತವೆಂದು ಶೇ 50 ಕಳೆದೇ ಹಣ ಕೊಡುತ್ತವೆ. ನಾನು ಗೆಳೆಯರಿಗೆ ಹೇಳುವುದೂ ಹೆಚ್ಚುಕಡಿಮೆ ಅದೇ: ಪಾರ್ಟಿಗೆ ಎಷ್ಟು ಆಯಸ್ಸು ಉಳಿದಿತ್ತೋ ಅಷ್ಟು ಪಾಲು ಒಯ್ದವನದು, ಉಳಿದದ್ದು ಮಾಲೀಕನದು. ಕೂಲಿ ಮಾತ್ರ ಪೂರ್ತಿ ಒಯ್ದವನದು, ಅವನ ಕೈಯಲ್ಲಿ ಕೆಡದಿದ್ದರೆ ಇವತ್ತು ಬಿಚ್ಚುವ ಅಗತ್ಯವೇ ಇರಲಿಲ್ಲ.

ಇದೇ ಸಂದರ್ಭ ನೋಡಿ ‘ಹೇಗೂ ಬಿಚ್ಚಿದ್ದೀರಲ್ಲ, ಟಯರನ್ನೂ ಹಾಕಿಬಿಡಿ’ ಎನ್ನುವ ಮಾಲೀಕರಿದ್ದಾರೆ. ಅಂಥ ಬಿಲ್ಲನ್ನು ನಾನು ಬೇರೆಯೇ ಬರೆಯುತ್ತೇನೆ.

ಒಯ್ದವನ ಬಳಿ ದುಡ್ಡಿಲ್ಲದಿದ್ದರೆ? ಇಲ್ಲ ಎಂದು ಹೇಳಿ, ತಿಂಗಳಿಗೆ ಇಷ್ಟು ಎಂದು ಒಪ್ಪಿ, ಹಾಗೆಯೇ ಕೊಟ್ಟು ಮುಗಿಸಿದವರಿದ್ದಾರೆ. ಗಾರೆ ಕೆಲಸದ ಒಬ್ಬ ಹುಡುಗ ಗೆಳೆಯನ ಮನೆಯ ಒಡೆದ ಕಟ್ಟೆ ಕಟ್ಟಿಕೊಟ್ಟು ಲೆಕ್ಕ ಚುಕ್ತಾ ಮಾಡಿದ. ಮಾಲೀಕ ಪೂರ್ತಿ ಬಿಟ್ಟುಕೊಟ್ಟದ್ದೂ ಉಂಟು. ಬಿಡುವುದಾದರೆ ಅಲ್ಲೇ ಬಾಯಿಬಿಟ್ಟು ಬಿಟ್ಟುಬಿಡಿ. ಮೇಲೆ ‘ಪರವಾಗಿಲ್ಲ ಬಿಡೋ ಮಾರಾಯ’ ಎಂದು ಹೇಳಿ, ವರ್ಷಗಟ್ಟಲೆ ಎಲ್ಲರ ಮುಂದೆ ಆಡಿಕೊಳ್ಳುವುದಕ್ಕಿಂತ ಆವತ್ತೇ ದುಡ್ಡು ಕೇಳಿ ಪಡೆಯುವುದು ಮೇಲು.

8. ವಿಮೆಯ ಕಾಗದವನ್ನು ಇಬ್ಬರೂ ಓದಿ

ಈ ವಿಷಯ ಗೊತ್ತಿಲ್ಲದೆ ಮನೆಗಳೇ ಮುಳುಗಿವೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. ಅದರಲ್ಲಿ ನಿಮ್ಮ ಬೈಕಿನ ರಿಪೇರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಬೈಕಿನ ಹಾನಿಗೂ ವಿಮೆ ಮಾಡಿಸಿದ್ದರೆ, ಲೈಸೆನ್ಸ್ ಇರುವ ಗೆಳೆಯ ಓಡಿಸುವಾಗ ಆದ ಹಾನಿಗೂ ಸಾಮಾನ್ಯವಾಗಿ ಕ್ಲೇಮ್ ಮಾಡಬಹುದು. ಆದರೆ ಒಂದು ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಮೊದಲ ವರ್ಷಕ್ಕೆ ಶೇ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ 50ರವರೆಗೆ ಏರುವ ರಿಯಾಯಿತಿ. ಸಣ್ಣ ಪೆಟ್ಟಿಗೆ ಕ್ಲೇಮ್ ಮಾಡುವ ಮೊದಲು ಆ ಲೆಕ್ಕ ಹಾಕಿ. ಮಾಡುವುದೇ ಆದರೆ ಕಳೆದುಕೊಳ್ಳುವ ರಿಯಾಯಿತಿಯೂ ಒಯ್ದವನ ಖಾತೆಗೆ ಸೇರಬೇಕಾದದ್ದು.

ಇದಕ್ಕಿಂತ ದೊಡ್ಡದು ಜೀವದ ವಿಷಯ. ಪಾಲಿಸಿಯಲ್ಲಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕನಿಗೆ ಮಾತ್ರ. ಗಾಡಿ ಕೇಳಿ ಒಯ್ದ ಗೆಳೆಯನಿಗೆ ಅದು ಇಲ್ಲ. ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಗೆಳೆಯನಿಂದಲೋ ಪರಿಚಯದವರಿಂದಲೋ ಬೈಕು ಕೇಳಿ ಪಡೆದ ಒಬ್ಬರು ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಹೋಗುವಾಗ, ಮುಂದೆ ಕಬ್ಬಿಣದ ಹಾಳೆ ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ಒಮ್ಮೆಲೇ ನಿಂತಿತು. ಅದಕ್ಕೆ ಡಿಕ್ಕಿ ಹೊಡೆದು ಅವರು ತೀರಿಕೊಂಡರು. ಯಾರ ತಪ್ಪೆಂದು ಸಾಬೀತುಪಡಿಸದೆಯೇ ಪರಿಹಾರ ಕೇಳಬಹುದಾದ ಕಲಮಿನಡಿ ಹೆಂಡತಿ ಮತ್ತು ಮನೆಯವರು ಕೇಳಿದರು. 2009ರಲ್ಲಿ ಬಂದ ತೀರ್ಪು ಏನೆಂದರೆ, ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಆ ಕಲಮಿನಡಿ ಅವನ ಮನೆಯವರು ಆ ಗಾಡಿಯ ವಿಮೆಯಿಂದ ಪರಿಹಾರ ಕೇಳುವಂತಿಲ್ಲ. ಬೇರೆ ಕಲಮಿನಡಿ ಪರಿಶೀಲಿಸಲು ಪ್ರಕರಣ ಮತ್ತೆ ಹೈಕೋರ್ಟಿಗೆ ಹೋಯಿತು. ಗೆಳೆಯರ ಗಾಡಿ ಓಡಿಸುವ ರೂಢಿ ಇರುವವರು ತಮ್ಮ ಹೆಸರಿನಲ್ಲಿ ಒಂದು ಪ್ರತ್ಯೇಕ ಅಪಘಾತ ವಿಮೆ ಮಾಡಿಸಿಕೊಳ್ಳಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟರೆ ಮಾಲೀಕನಿಗೇ 5,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅವನು ಯಾರಿಗಾದರೂ ಗುದ್ದಿದರೆ ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದು. ಹದಿನೆಂಟು ತುಂಬದ ಹುಡುಗ ಓಡಿಸಿ ಅಪರಾಧವಾದರೆ 2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ‘ಗೆಳೆಯನ ತಮ್ಮ ಅಲ್ವಾ, ಇಲ್ಲೇ ಅಂಗಡಿಗೆ’ ಎನ್ನುವುದು ಕಾಯ್ದೆಗೆ ಕೇಳಿಸುವುದಿಲ್ಲ.

9. ಕ್ಯಾಮೆರಾ ದಂಡ

ಸಿಗ್ನಲ್ ಕ್ಯಾಮೆರಾದ ದಂಡ ಗಾಡಿಯ ನಂಬರಿಗೆ, ಅಂದರೆ ಮಾಲೀಕನಿಗೆ ಬರುತ್ತದೆ, ಅದೂ ಎಷ್ಟೋ ದಿನದ ಮೇಲೆ. ತಾರೀಖು ನೋಡಿ, ಒಯ್ದವನು ಕೇಳಿಸಿಕೊಳ್ಳುವ ಮೊದಲೇ ಕಟ್ಟಿಬಿಡಬೇಕು. ಇದರಲ್ಲಿ ಚರ್ಚೆಯ ವಿಷಯವೇ ಇಲ್ಲ.

10. ಕೊಡಲು ಆಗದಿದ್ದರೆ ಇಲ್ಲ ಎನ್ನಿ

ಹಾಲು ಹಾಕುವವರು, ಪೇಪರ್ ಹಾಕುವವರು, ಊಟದ ಪಾರ್ಸೆಲ್ ಮುಟ್ಟಿಸುವ ಹುಡುಗರು, ಇವರಿಗೆ ಬೈಕೆಂದರೆ ಅಂದಿನ ಅನ್ನ. ಅವರ ಗಾಡಿ ಎರಡು ದಿನ ನನ್ನ ಗ್ಯಾರೇಜಿನಲ್ಲಿ ನಿಂತರೆ ಎರಡು ದಿನದ ಸಂಪಾದನೆ ಹೋಯಿತು. ಆ ನಷ್ಟ ಯಾವ ಬಿಲ್ಲಿನಲ್ಲೂ ಬರುವುದಿಲ್ಲ, ಯಾರೂ ತುಂಬಿಕೊಡುವುದಿಲ್ಲ. ಅಂಥವರು ಸಂಕೋಚಕ್ಕೆ ಬಿದ್ದು ಕೀ ಕೊಡುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ‘ಇದರಲ್ಲೇ ನನ್ನ ದುಡಿಮೆ, ಕೊಡೋಕಾಗಲ್ಲ ಕಣೋ’ ಎಂದರೆ ಅರ್ಥಮಾಡಿಕೊಳ್ಳದವನು ಗೆಳೆಯನಲ್ಲ. ಕೇಳುವವರೂ ಅಷ್ಟೇ, ಯಾರನ್ನು ಕೇಳುತ್ತಿದ್ದೇವೆ ಎಂದು ಒಮ್ಮೆ ಯೋಚಿಸಿ. ಶಿವಮೊಗ್ಗದಿಂದ ಸಾಗರಕ್ಕೆ, ತೀರ್ಥಹಳ್ಳಿಗೆ ಬಸ್ಸುಗಳಿಗೆ ಬರವಿಲ್ಲ.

11. ಹಗಲಿನಲ್ಲಿ ಕೊಡಿ, ಹಗಲಿನಲ್ಲಿ ತನ್ನಿ

ಒಯ್ಯುವ ದಿನ ಗಾಡಿಯನ್ನು ಒಂದು ಸುತ್ತು ನೋಡಿ, ಇಬ್ಬರೂ ನಿಂತು ಒಂದೆರಡು ಫೋಟೊ ತೆಗೆಯಿರಿ. ಅಪನಂಬಿಕೆ ಎಂದುಕೊಳ್ಳಬೇಡಿ. ಮೊದಲೇ ಇದ್ದ ಗೀರಿಗೆ ಗೆಳೆಯನನ್ನು ಅನುಮಾನಿಸುವ ಪಾಪ ತಪ್ಪುತ್ತದೆ. ತರುವ ದಿನ ಪೆಟ್ರೋಲ್ ಎಷ್ಟಿತ್ತೋ ಅಷ್ಟು ತುಂಬಿಸಿ, ತೊಳೆಯದೆ ತಂದರೂ ಸರಿ, ಬೆಳಕಿರುವಾಗ ತನ್ನಿ. ಮಾಲೀಕನ ಎದುರಿಗೆ ಸ್ಟಾರ್ಟ್ ಮಾಡಿ, ಎರಡೂ ಬ್ರೇಕ್ ಹಿಡಿದು ತೋರಿಸಿ.

ದಾರಿಯಲ್ಲಿ ಬಿದ್ದಿದ್ದರೆ, ನೀರು ಹೊಕ್ಕಿದ್ದರೆ, ಏನೋ ಸದ್ದು ಬಂದಿದ್ದರೆ ಆಗಲೇ ಹೇಳಿ. ಬೈಗುಳ ಬೀಳಬಹುದು, ಬೀಳಲಿ. ಕೊಟ್ಟವರಲ್ಲಿ ನನ್ನದೂ ಒಂದು ಕೋರಿಕೆ: ಆ ಮಾತು ಕೇಳಿದಾಗ ಮೊದಲು ಅವನ ಮೊಣಕೈ, ಮೊಣಕಾಲು ನೋಡಿ, ಗಾಡಿಯನ್ನು ಆಮೇಲೆ ನೋಡಿ. ನಂತರ ಇಬ್ಬರೂ ಒಟ್ಟಿಗೆ ಹತ್ತಿರದ ಮೆಕ್ಯಾನಿಕ್ ಬಳಿಗೆ ತಳ್ಳಿಕೊಂಡು ಹೋಗಿ. ಫೋರ್ಕು, ಬ್ರೇಕು, ಹ್ಯಾಂಡಲ್ ನೋಡಿ ಸರಿಯಿದೆ ಎಂದು ಅವನು ಹೇಳುವವರೆಗೆ ಆ ಗಾಡಿಯ ಮೇಲೆ ಯಾರನ್ನೂ ಕೂರಿಸಬೇಡಿ.